ಐದು ದಿನದ ರಜೆಗೆ ಎಷ್ಟು ಮರಳು?

ದೀಪಾವಳಿ ಮುಗಿದ ಕೂಡಲೇ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಸಂಕ್ರಾಂತಿ ರಜೆಯ ಪಂಚಾಯಿತಿ ಕೂರುತ್ತದೆ. ಬೀದರಿನ ಅತ್ತೆಯ ಮನೆಗೋ ರಾಯಚೂರಿನ ದೊಡ್ಡಪ್ಪನ ಮನೆಗೋ ಎಂಬಲ್ಲಿಗೆ ಹಿಂದೆಲ್ಲ ಮಾತು ಮುಗಿಯುತ್ತಿತ್ತು. ಈಗ ಮೂರನೆಯ ಹೆಸರೊಂದು ಕಿವಿಗೆ ಬೀಳುತ್ತಿದೆ: ಜೈಸಲ್ಮೇರ್. ಇದು ಬರೀ ರೀಲ್ಸ್ ನೋಡಿ ಹುಟ್ಟಿದ ಆಸೆಯಲ್ಲ. 2025ರ ಜುಲೈನಲ್ಲಿ ಕಾಚಿಗುಡದಿಂದ ಜೋಧಪುರದ ಭಗತ್ ಕಿ ಕೋಠಿ ನಿಲ್ದಾಣಕ್ಕೆ ದಿನವೂ ಓಡುವ ರೈಲು ಶುರುವಾಗಿದೆ. ಕಾಚಿಗುಡ ಎಂದರೆ ಬೆಂಗಳೂರಿನ ರೈಲು ಹಿಡಿಯುವ ಜಾಗ ಎಂದಷ್ಟೇ ತಿಳಿದಿದ್ದವರಿಗೆ, ಮರುಭೂಮಿಯ ಬಾಗಿಲಿಗೂ ಅಲ್ಲಿಂದಲೇ ಹೋಗಬಹುದು ಎಂಬುದು ಸಣ್ಣ ಸುದ್ದಿಯಲ್ಲ.

ಹೋಗಿ ಬನ್ನಿ ಎಂದೇ ನಾನೂ ಹೇಳುತ್ತೇನೆ. ಆದರೆ ಭೂಪಟ ಬಿಡಿಸುವ ಮುಂಚೆ ಕ್ಯಾಲೆಂಡರ್ ಬಿಡಿಸಿ. ತೆಲಂಗಾಣದ 2025-26ರ ಶೈಕ್ಷಣಿಕ ವೇಳಾಪಟ್ಟಿಯಲ್ಲಿ ದಸರೆಗೆ ಸೆಪ್ಟೆಂಬರ್ 21ರಿಂದ ಅಕ್ಟೋಬರ್ 3ರವರೆಗೆ 13 ದಿನ ರಜೆ ಇತ್ತು. ಆಗ ಜೈಸಲ್ಮೇರಿನ ಮಧ್ಯಾಹ್ನ ಇನ್ನೂ 35 ಡಿಗ್ರಿ ದಾಟಿರುತ್ತದೆ. ಮರಳು ತಣ್ಣಗಾಗಿ ಮಕ್ಕಳು ಬರಿಗಾಲಲ್ಲಿ ಓಡಬಹುದಾದ ಜನವರಿಗೆ ಅದರಲ್ಲಿ ಸಿಕ್ಕಿದ್ದು 11ರಿಂದ 15ರವರೆಗಿನ ಐದೇ ದಿನ. ಮಿಷನರಿ ಶಾಲೆಗಳಿಗೆ ಕ್ರಿಸ್‌ಮಸ್ ರಜೆಯೂ ಇತ್ತು, ಡಿಸೆಂಬರ್ 23ರಿಂದ 27. ಅದೂ ಐದೇ. ಸಿಬಿಎಸ್‌ಇ ಶಾಲೆಗಳ ರಜೆ ಅವರವರ ಮರ್ಜಿ. ಅಕ್ಕ ಒಂದು ಶಾಲೆ, ತಮ್ಮ ಇನ್ನೊಂದು ಶಾಲೆ ಆದ ಮನೆಯಲ್ಲಿ ಇಬ್ಬರ ರಜೆಯೂ ಕೂಡಿಬರುವ ದಿನಗಳನ್ನು ಹುಡುಕುವುದೇ ಒಂದು ಸಂಶೋಧನೆ.

ಆ ವೇಳಾಪಟ್ಟಿ ಹಿಡಿದೇ ಲೆಕ್ಕ ಹಾಕೋಣ. 2026ರ ಜನವರಿ 9 ಶುಕ್ರವಾರ, ಮರುದಿನ ಎರಡನೇ ಶನಿವಾರ. ಶಾಲೆಯಿಂದ ಬಂದ ಮಕ್ಕಳಿಗೆ ಊಟ ಮಾಡಿಸಿ ಅಂದು ರಾತ್ರಿಯೇ ಕಾಚಿಗುಡದಲ್ಲಿ ರೈಲು ಹತ್ತಿದರೆ ನಾಂದೇಡ್, ಉಜ್ಜಯಿನಿ, ಅಜ್ಮೇರ್ ದಾಟಿ ಜೋಧಪುರ ಸೇರುವಷ್ಟರಲ್ಲಿ ಭಾನುವಾರ ಕತ್ತಲಾಗಿರುತ್ತದೆ. ಸುಮಾರು 2,000 ಕಿಲೋಮೀಟರ್, ನಲವತ್ತು ಗಂಟೆಗೂ ಮಿಕ್ಕಿದ ಪ್ರಯಾಣ. ಅಲ್ಲಿಂದ ಜೈಸಲ್ಮೇರಿಗೆ ಮತ್ತೊಂದು ರೈಲು, ಐದಾರು ಗಂಟೆ. ಅಂದರೆ ಮರಳು ಕಾಲಿಗೆ ತಾಗುವುದು ಸೋಮವಾರ ಮಧ್ಯಾಹ್ನ. ಹದಿನಾರನೇ ತಾರೀಕು ಶುಕ್ರವಾರ ಶಾಲೆಯ ಬ್ಯಾಗು ಹೆಗಲಿಗೇರಬೇಕೆಂದರೆ ವಾಪಸು ರೈಲಿನ ಮಾತೇ ಇಲ್ಲ. ಮಂಗಳವಾರ ಸಂಜೆಯೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಆದ್ದರಿಂದ ಹೋಗುವಾಗ ರೈಲು, ಬರುವಾಗ ಗುರುವಾರ ಜೋಧಪುರದಿಂದ ವಿಮಾನ. ಇದೊಂದೇ ಲೆಕ್ಕ ಕೂಡುತ್ತದೆ. ಎರಡೂ ಕಡೆ ವಿಮಾನಕ್ಕೆ ಕೈಯಲ್ಲಿ ದುಡ್ಡಿದ್ದವರ ಮಾತು ಬೇರೆ. ಆದರೂ ಎರೆನೆಲ ಮುಗಿದು ಮಾಳವ ಬಂದು, ಆಮೇಲೆ ಮರಗಳು ಕುಳ್ಳಾಗುತ್ತ ಹೋಗುವುದನ್ನು ಕಿಟಕಿಯಲ್ಲಿ ನೋಡದ ಮಗುವಿಗೆ ಮರುಭೂಮಿ ಎಲ್ಲಿಂದ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ.

ಈ ರೈಲು ಪ್ರವಾಸಿಗರಿಗಾಗಿ ಬಂದದ್ದಲ್ಲ ಎಂಬುದು ನೆನಪಿರಲಿ. ಬೇಗಂ ಬಜಾರ್, ಸುಲ್ತಾನ್ ಬಜಾರಿನ ಮಾರ್ವಾಡಿ ಕುಟುಂಬಗಳೂ ನಗರದ ತುಂಬ ಕೆಲಸ ಮಾಡುವ ರಾಜಸ್ಥಾನಿ ಕೆಲಸಗಾರರೂ ಬಹುಕಾಲದಿಂದ ಕೇಳುತ್ತಿದ್ದ ರೈಲು ಇದು. ಹಬ್ಬಕ್ಕೆ ಊರಿಗೆ ಹೋಗುವವರು ಅವರಲ್ಲೂ ಇದ್ದಾರೆ, ಹಾಗಾಗಿ ಟಿಕೆಟ್ಟಿಗೆ ಪೈಪೋಟಿ. ಮುಂಗಡ ಬುಕಿಂಗ್ ಅವಧಿ ಹಿಂದಿನಂತೆ 120 ದಿನವಲ್ಲ, 2024ರ ನವೆಂಬರಿನಿಂದ 60ಕ್ಕೆ ಇಳಿದಿದೆ. 2025ರ ಅಕ್ಟೋಬರಿನಲ್ಲಿ ಇನ್ನೊಂದು ನಿಯಮ ಸೇರಿತು: ಆನ್‌ಲೈನಿನಲ್ಲಿ ಬುಕಿಂಗ್ ತೆರೆದ ಮೊದಲ 15 ನಿಮಿಷ ಆಧಾರ್ ದೃಢೀಕರಿಸಿದ ಖಾತೆಗಳಿಗೆ ಮಾತ್ರ ಟಿಕೆಟ್ ಎಂದಿತ್ತು. ತತ್ಕಾಲ್‌ಗೆ ಅದೇ ವರ್ಷದ ಜುಲೈನಿಂದಲೇ ಆಧಾರ್ ಕಡ್ಡಾಯ. ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಬುಕಿಂಗ್ ದಿನ ಬೆಳಗ್ಗೆ ಏಳೂ ಐವತ್ತೈದಕ್ಕೆ ಶುರು ಮಾಡಬೇಡಿ, ದಯವಿಟ್ಟು.

ಜೋಧಪುರದಿಂದ ಮುಂದಕ್ಕೆ ಸ್ಲೀಪರ್ ಬಸ್ಸು ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು. 2025ರ ಅಕ್ಟೋಬರ್ 14ರಂದು ಜೈಸಲ್ಮೇರಿನಿಂದ ಜೋಧಪುರಕ್ಕೆ ಹೊರಟ ಖಾಸಗಿ ಬಸ್ಸು ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಹೊತ್ತಿ ಉರಿದು 20ಕ್ಕೂ ಹೆಚ್ಚು ಜನ ಸತ್ತರು. ಹತ್ತು ದಿನ ಕಳೆಯುವಷ್ಟರಲ್ಲಿ, 24ರ ನಸುಕಿನಲ್ಲಿ, ನಮ್ಮ ಹೈದರಾಬಾದ್–ಬೆಂಗಳೂರು ದಾರಿಯಲ್ಲೇ ಕರ್ನೂಲಿನ ಬಳಿ ಇನ್ನೊಂದು ಸ್ಲೀಪರ್ ಬಸ್ಸು ಬೆಂಕಿಗೆ ಆಹುತಿಯಾಯಿತು. ಆ ದಾರಿಯ ಬಸ್ಸಿನಲ್ಲಿ ಒಮ್ಮೆಯೂ ಮಲಗಿ ಹೋಗದ ಕನ್ನಡ ಕುಟುಂಬ ಈ ನಗರದಲ್ಲಿ ಅಪರೂಪ. ಪರ್ಮಿಟ್ಟು, ತುರ್ತು ಬಾಗಿಲು, ಒಳಗಿನ ವೈರಿಂಗ್ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬರುವ ತನಕ ಮಕ್ಕಳನ್ನು ಕರೆದುಕೊಂಡು ಹೋಗುವವರು ರೈಲಿನಲ್ಲೇ ಹೋಗಲಿ. ರೈಲು ತಪ್ಪಿದರೆ ಹಗಲಿನಲ್ಲಿ ಕಾರು.

ಟ್ರಾವೆಲ್ ಏಜೆಂಟರು ಕೊಡುವ ಪಟ್ಟಿ ಬಲು ಉದಾರ. ಜೈಪುರ, ಜೋಧಪುರ, ಜೈಸಲ್ಮೇರ್, ಬಿಕಾನೇರ್ ನಾಲ್ಕನ್ನೂ ಐದು ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುತ್ತಾರೆ. ಜೈಸಲ್ಮೇರಿನಿಂದ ಬಿಕಾನೇರಿಗೇ 300 ಕಿಲೋಮೀಟರ್ ಮೀರುತ್ತದೆ. ಅಲ್ಲಿಂದ ಜೈಪುರ ಮತ್ತೂ ಅಷ್ಟು. ಮಕ್ಕಳಿಗೆ ಉಳಿಯುವ ನೆನಪು ಹೆದ್ದಾರಿಯ ಢಾಬಾಗಳದ್ದು. ಒಂದೇ ಊರು ಸಾಕು. ಜೈಸಲ್ಮೇರಿನಲ್ಲಿ ಮೂರು ರಾತ್ರಿ ಮಲಗಿ, ಎಲ್ಲಿಗೂ ಓಡಬೇಡಿ.

ಉಳಿದುಕೊಳ್ಳುವುದು ಮಾತ್ರ ಕೋಟೆಯ ಹೊರಗೆ. 1156ರಲ್ಲಿ ಕಟ್ಟಲು ಶುರುವಾದ, 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ಹಳದಿ ಕಲ್ಲಿನ ಕೋಟೆಯೊಳಗೆ ಇಂದಿಗೂ ಜನ ಬದುಕುತ್ತಿದ್ದಾರೆ. ಅವರ ಜೊತೆಗೆ ಹೋಟೆಲುಗಳೂ ಇವೆ. ನೀರು ಅತಿ ಕಡಿಮೆ ಬಳಸುತ್ತಿದ್ದ ಕಾಲದ ಕೋಟೆಗೆ ಈಗ ಶವರ್, ಫ್ಲಶ್ಶುಗಳ ನೀರು ಇಳಿದು ಬುಡ ಸಡಿಲವಾಗಿದೆ. ಕಿಟಕಿ ತೆರೆದರೆ ಕೋಟೆ ಕಾಣಲಿ, ಅಷ್ಟು ಸಾಕು.

ಮರಳ ದಿಬ್ಬ ಎಂದರೆ ಎಲ್ಲರೂ ಹೇಳುವುದು ಸಮ್. ಊರಿನಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ. ಸಂಜೆ ಅಲ್ಲಿಗೆ ಹೋದರೆ ಸಾಲು ಸಾಲು ಟೆಂಟು, ಜೀಪುಗಳ ಆರ್ಭಟ, ಒಂದು ಕ್ಯಾಂಪಿನ ಡಿಜೆ ಇನ್ನೊಂದರ ಜೊತೆ ಜಗಳಕ್ಕೆ ಬಿದ್ದಿರುತ್ತದೆ. ಇದನ್ನು ಕೇಳಲು ಅಷ್ಟು ದೂರ ಹೋಗಬೇಕೇ? ನಮ್ಮ ಗಲ್ಲಿಯ ಬಾರಾತ್ ಸಾಲದೇ? ತೆಂಕಣದಲ್ಲಿ ಖುರಿ ಎಂಬ ಹಳ್ಳಿಯಿದೆ. ದಿಬ್ಬಗಳು ಸ್ವಲ್ಪ ಚಿಕ್ಕವು, ಗದ್ದಲ ಬಹಳ ಕಡಿಮೆ. ಬುಕ್ ಮಾಡುವಾಗಲೇ 'ರಾತ್ರಿ ಸ್ಪೀಕರ್ ಹಾಕುತ್ತೀರಾ?' ಎಂದು ಕೇಳಿ. 2026ರ ಸಂಕ್ರಾಂತಿಗೆ ಆಕಾಶವೂ ಅನುಕೂಲ: ಜನವರಿ 18ಕ್ಕೆ ಅಮಾವಾಸ್ಯೆ, ರಜೆಯ ದಿನಗಳಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಚಂದ್ರನಿರುವುದಿಲ್ಲ. ಗಚ್ಚಿಬೌಲಿಯ ಬೆಳಕಿನಲ್ಲಿ ಬೆಳೆದ ಮಕ್ಕಳಿಗೆ ಮೃಗಶಿರ, ಕೃತ್ತಿಕೆಗಳನ್ನು ಬೆರಳು ಮಾಡಿ ತೋರಿಸಬಹುದು. ಹುಣ್ಣಿಮೆಯೇ ಬೇಕು, ಉತ್ಸವವೇ ಬೇಕು ಎನ್ನುವವರಿಗೆ ಜೈಸಲ್ಮೇರಿನ ಮರು ಉತ್ಸವ ಮಾಘ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ಆಗ ಶಾಲೆಗಳಿಗೆ ರಜೆಯಿಲ್ಲ.

ಒಂಟೆ ಸವಾರಿಯ ದುಡ್ಡನ್ನು ಆದಷ್ಟು ಒಂಟೆಯವನ ಕೈಗೇ ಕೊಡಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಒಂಟೆಗಳು ಸುಮಾರು ಎರಡೂವರೆ ಲಕ್ಷ, ಅದಕ್ಕೆ ಏಳು ವರ್ಷ ಹಿಂದೆ ನಾಲ್ಕು ಲಕ್ಷ ಇದ್ದವು. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯ ಪ್ರಾಣಿ ಮಾಡಿತು, ಮರುವರ್ಷ ರಕ್ಷಣೆಗೆ ಕಾನೂನನ್ನೂ ತಂದಿತು. ರಾಜ್ಯದಾಚೆ ಮಾರುವುದಕ್ಕೆ ತಡೆ ಬಿದ್ದ ಮೇಲೆ ತಮ್ಮ ಆದಾಯವೇ ಬತ್ತಿತು ಎಂಬುದು ಒಂಟೆ ಸಾಕುವ ರೈಕಾ ಸಮುದಾಯದ ಹಳೆಯ ದೂರು. ಕ್ಯಾಂಪಿನ ಪ್ಯಾಕೇಜಿನಲ್ಲಿ 'ಒಂಟೆ ಸವಾರಿ ಉಚಿತ' ಎಂದಿದ್ದರೆ ಒಂಟೆಯವನ ಪಾಲಿಗೆ ಬರುವುದೆಷ್ಟು ಎಂದು ಊಹಿಸಿಕೊಳ್ಳಿ.

ಮಕ್ಕಳಿಗೆ ತೋರಿಸಲೇಬೇಕಾದದ್ದು ದಿಬ್ಬಕ್ಕಿಂತ ಒಂದು ಮರ. ಥಾರ್‌ನ ಹೊಲಗಳ ನಡುವೆ ಅಲ್ಲಲ್ಲಿ ನಿಂತಿರುವ ಖೇಜಡಿ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ. ದಸರೆಯಲ್ಲಿ ನಾವು ಬಂಗಾರವೆಂದು ಕೈಗೆ ಕೊಡುವ ಎಲೆ ಅದರದ್ದೇ. ತೆಲಂಗಾಣಕ್ಕೂ ರಾಜಸ್ಥಾನಕ್ಕೂ ರಾಜ್ಯ ವೃಕ್ಷ ಅದೇ. ಅಲ್ಲಿ ಅದು ಪೂಜೆಗಷ್ಟೇ ಅಲ್ಲ: ಎಲೆ ಆಡಿಗೆ, ಕಾಯಿ ಮನುಷ್ಯರಿಗೆ. ಕೇರ್-ಸಾಂಗ್ರಿ ಪಲ್ಯದ ಸಾಂಗ್ರಿ ಎಂದರೆ ಇದರ ಒಣಗಿಸಿದ ಕಾಯಿ. 1730ರಲ್ಲಿ ಜೋಧಪುರದ ಅರಸನ ಕಡೆಯವರು ಈ ಮರ ಕಡಿಯಲು ಬಂದಾಗ ಖೇಜಡ್ಲಿ ಹಳ್ಳಿಯಲ್ಲಿ ಅಮೃತಾ ದೇವಿಯೊಡನೆ 363 ಬಿಷ್ಣೋಯಿಗಳು ಮರಗಳನ್ನು ತಬ್ಬಿಕೊಂಡು ಪ್ರಾಣ ಕೊಟ್ಟರು ಎಂಬುದು ಆ ಸಮುದಾಯ ಇಂದಿಗೂ ಮರೆಯದ ಕಥೆ. ಆ ಹಳ್ಳಿ ಜೋಧಪುರದಿಂದ ಮೂವತ್ತು ಕಿಲೋಮೀಟರಿನೊಳಗಿದೆ. ಗುರುವಾರ ವಿಮಾನ ಸಂಜೆಗಿದ್ದು ಜೋಧಪುರಕ್ಕೆ ಬೇಗ ತಲುಪಿದರೆ, ಮಾಲಿಗೆ ಹೋಗುವ ಬದಲು ಅಲ್ಲಿಗೆ ಹೋಗಿ.

ನೀರಿನ ಪಾಠವೂ ಹತ್ತಿರದಲ್ಲೇ ಇದೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ. ಹೈದರಾಬಾದಿಗೆ ಅದರ ನಾಲ್ಕು ಪಟ್ಟು. ಅಷ್ಟರಲ್ಲೇ ಹದಿನಾಲ್ಕನೇ ಶತಮಾನದ ಗಡೀಸರ್ ಕೆರೆ ಊರಿಗೆಲ್ಲ ನೀರು ಕೊಟ್ಟಿತು. ಪಾಲಿವಾಲ ಸಮುದಾಯದವರು ಕಲ್ಲುನೆಲದ ಮೇಲೆ ಹರಿದ ಮಳೆನೀರನ್ನು ಖಡೀನ್ ಎಂಬ ಒಡ್ಡು ಕಟ್ಟಿ ನಿಲ್ಲಿಸಿ, ಇಂಗಿದ ತೇವದಲ್ಲಿ ಗೋಧಿ ಬೆಳೆದರು. ಅವರು ಬಿಟ್ಟುಹೋದ ಕುಲಧರಾ ಹಳ್ಳಿಗೆ ಕರೆದೊಯ್ಯುವ ಗೈಡು ದೆವ್ವದ ಕಥೆ ಹೇಳುತ್ತಾನೆ. ಖಡೀನ್ ಎಲ್ಲಿದೆ ಎಂದು ಕೇಳಿ ನೋಡಿ. 1908ರ ಮೂಸಿ ಪ್ರವಾಹದ ನಂತರ ವಿಶ್ವೇಶ್ವರಯ್ಯನವರ ಸಲಹೆಯಂತೆ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಊರಿನಿಂದ ಹೋದ ಮಕ್ಕಳಿಗೆ ಅದು ಅರ್ಥವಾಗದಿರಲು ಕಾರಣವಿಲ್ಲ.

ಇನ್ನು ಸಾಮಾನಿನ ಮಾತು, ಚುಟುಕಾಗಿ. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ಹತ್ತಿಬಟ್ಟೆ ತುಂಬಬೇಡಿ. ಜನವರಿಯಲ್ಲಿ ಹಗಲು 23-24 ಡಿಗ್ರಿ, ರಾತ್ರಿ ಹತ್ತಕ್ಕಿಂತ ಕೆಳಗೆ, ದಿಬ್ಬದ ಮೇಲೆ ಇನ್ನೂ ಚಳಿ. ಸ್ವೆಟರ್, ಕಿವಿಮುಚ್ಚುವ ಟೋಪಿ, ತುಟಿಗೆ ವ್ಯಾಸಲಿನ್. ದಮ್ಮು ಇರುವ ಹಿರಿಯರ ಇನ್‌ಹೇಲರ್ ಕೈಚೀಲದಲ್ಲೇ ಇರಲಿ. ಗಡಿಯ ಲೋಂಗೇವಾಲಾ, ತನೋಟ್ ಕಡೆ ಹೋಗುವುದಾದರೆ ಗುರುತಿನ ಚೀಟಿ ಬೇಕು. ಅಮೆರಿಕದಿಂದ ಬಂದ ತಂಗಿಯ ಮಕ್ಕಳು ಜೊತೆಗಿದ್ದು ಅವರದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ ಗಡಿ ಪ್ರದೇಶಕ್ಕೆ ಮುಂಚಿತ ಅನುಮತಿ ಪಡೆಯಬೇಕು. ಭೋಗಿ ಹಬ್ಬದ ದಿನ ಊರಲ್ಲಿಲ್ಲವಲ್ಲ ಎಂದು ಅಜ್ಜಿ ಕೊರಗಿದರೆ, ಅಲ್ಲಿಯೂ ಚಳಿಗಾಲದ ಊಟ ಸಜ್ಜೆ ರೊಟ್ಟಿಯೇ, ಮೇಲೆ ತುಪ್ಪ ಬೆಲ್ಲ ಎಂದು ಹೇಳಿ. ಎಳ್ಳು ಮಾತ್ರ ಇಲ್ಲಿಂದಲೇ ಕಟ್ಟಿಕೊಂಡು ಹೋಗಿ.

ಶಾಲೆಗಳಿಗೂ ಒಂದು ಬಿನ್ನಹ. ಇರುವುದೇ ಐದು ದಿನ. ಅದರಲ್ಲಿ ಎರಡನ್ನು ಹತ್ತನೇ ತರಗತಿಯ 'ಸ್ಪೆಷಲ್ ಕ್ಲಾಸ್' ಎಂದು ಕಿತ್ತುಕೊಂಡು, ಉಳಿದವರಿಗೆ ಥರ್ಮಾಕೋಲ್ ಪ್ರಾಜೆಕ್ಟ್ ಹೇರಿ, ರಜೆಗೆ ವಾರವಿರುವಾಗ ವಾಟ್ಸಾಪ್‌ನಲ್ಲಿ ದಿನಾಂಕ ಬದಲಿಸುವ ಚಾಳಿ ಈ ನಗರದ ಕೆಲವು ದೊಡ್ಡ ಖಾಸಗಿ ಶಾಲೆಗಳಿಗೆ ಅಂಟಿದೆ. ರೈಲ್ವೆ 60 ದಿನ ಮುಂಚೆ ಟಿಕೆಟ್ ಕೊಡುತ್ತದೆ. ಶಾಲೆಗಳು ಅಷ್ಟೇ ದಿನ ಮುಂಚೆ ರಜೆಯ ದಿನಾಂಕ ಬರೆದುಕೊಡಲಿ, ಕೊಟ್ಟ ಮೇಲೆ ಬದಲಿಸದಿರಲಿ. ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ. ಪೋಷಕರು ಮುಂಚೆಯೇ ಶಾಲೆಗೆ ಒಂದು ಪತ್ರ ಬರೆದು ಕೇಳಲಿ, ಏಕೆಂದರೆ 2026ರ ಜನವರಿ 9ರ ರೈಲಿಗೆ ಬುಕಿಂಗ್ 2025ರ ನವೆಂಬರ್ 10ರ ಸೋಮವಾರ ಬೆಳಗ್ಗೆ 8 ಗಂಟೆಗೇ ತೆರೆಯಿತು.