ಕಹಳೆಗೆ ಕದ ಮುಚ್ಚುವವರು

ಅದ್ಭುತ ಕಥೆಗಳ ಅಭಿಮಾನಿಗಳು ಸಮ್ಮೇಳನ ಕೂಡಿದರೆ ಪ್ರಬಂಧ ಓದಲಿ, ಚರ್ಚೆ ಮಾಡಲಿ. ಅಲ್ಲಿ ಟ್ರಂಪೆಟ್ಟು ಟ್ರೊಂಬೋನುಗಳ ಮೇಳಕ್ಕೇನು ಕೆಲಸ? ಸಾಹಿತ್ಯದ ಮನೆಯನ್ನು ಸಂತೆಯಾಗಿಸುವ ಈ ಗದ್ದಲವೇಕೆ? ಹೀಗೆ ಗಂಭೀರ ಮುಖಮುದ್ರೆಯಿಂದ ಕೇಳುವ ಮಹನೀಯರಿಗೆ ಯಾವ ದೇಶದಲ್ಲಿಯೂ ಬರವಿಲ್ಲ. ಮದುವೆಯ ದಿಬ್ಬಣದ ಬ್ಯಾಂಡ್‌ಸೆಟ್ಟಿನಾಚೆಗೆ ಹಿತ್ತಾಳೆ ವಾದ್ಯವನ್ನು ಕೇಳದ ನಮ್ಮ ರಸಿಕರೂ ಹೌದೆಂದು ತಲೆದೂಗಿಯಾರು. ನನಗಂತೂ ಇದು ಪುಸ್ತಕವನ್ನು ಕಿವಿ ಮುಚ್ಚಿಕೊಂಡು ಓದಿದವರ ಆಕ್ಷೇಪವೆಂದೇ ತೋರುತ್ತದೆ.

ಟಾಲ್ಕಿನ್ನನನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಅವನ ಹೆಸರಿನ ಸಂಘ ೧೯೬೯ರಲ್ಲಿ ಹುಟ್ಟಿತು. ೧೯೭೪ರಿಂದ ಅದರ ಸದಸ್ಯರು ಆಕ್ಸ್‌ಫರ್ಡಿನಲ್ಲಿ ವಾರ್ಷಿಕ ಕೂಟ ನಡೆಸುತ್ತ ಬಂದಿದ್ದಾರೆ. ಉಪನ್ಯಾಸ, ವೇಷಗಾರಿಕೆ, ಹಾಡು, ಕೊನೆಗೆ ಸಮಾಧಿಯ ಬಳಿ ಸ್ಮರಣೆ. ಇಂಥ ಸಭೆಯಲ್ಲಿ ಹಿತ್ತಾಳೆ ಮೊಳಗಿದರೆ ಅಪಚಾರವೆನ್ನುವವರು ೧೯೫೪-೫೫ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಸಂಪುಟಗಳಲ್ಲಿ ಕೇಳಿಸಿಕೊಂಡದ್ದಾದರೂ ಏನು? ಬೊರೊಮಿರ್ ಪಯಣ ಹೊರಡುವಾಗಲೇ ಕೊಂಬನ್ನೂದುತ್ತಾನೆ. ಹಿರಿಯರು ಎಚ್ಚರಿಸಿದರೂ ಕಳ್ಳನಂತೆ ಹೊರಡಲೊಲ್ಲೆನೆಂಬ ಛಲ ಅವನದು. ಅವನು ಮಡಿದ ಮೇಲೆ ಅದೇ ಕೊಂಬು ಎರಡು ಹೋಳಾಗಿ ತಂದೆಯ ಮಡಿಲು ಸೇರುತ್ತದೆ. ಮುತ್ತಿಗೆಯಲ್ಲಿ ನಗರದ ಬಾಗಿಲು ಮುರಿದುಬಿದ್ದು, ಇನ್ನೆಲ್ಲ ಮುಗಿಯಿತೆನ್ನುವಾಗ ಎಲ್ಲಿಯೋ ಒಂದು ಕೋಳಿ ಕೂಗುತ್ತದೆ. ಅದಕ್ಕೆ ಉತ್ತರವೆಂಬಂತೆ ಬಡಗಣದಿಂದ ರೋಹನ್ ಸವಾರರ ಕೊಂಬುಗಳು ಮೊಳಗುತ್ತವೆ. ಮುದಿ ಅರಸ ಥಿಯೊಡೆನ್ ಊದಿದ ರಭಸಕ್ಕೆ ಕೊಂಬೇ ಸಿಡಿದುಹೋಗುತ್ತದೆ! ಈ ಪುಟಗಳನ್ನು ಪಿಸುಮಾತಿನಲ್ಲಿ ಓದುವ ಬಗೆ ನನಗೆ ತಿಳಿಯದು. ಅವು ಕೋಡಿನವು, ಹಿತ್ತಾಳೆಯವಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಕೊಂಬು ಎಂಬ ನಮ್ಮ ಮಾತೇ ಪ್ರಾಣಿಯ ತಲೆಯಿಂದಿಳಿದು ಲೋಹದ ವಾದ್ಯಕ್ಕೆ ಅಂಟಿಕೊಂಡಿದೆ. ಇಂಗ್ಲಿಷಿನ ‘ಹಾರ್ನ್’ ಕೂಡ ಅಷ್ಟೆ.

ಇದಕ್ಕಿಂತ ಬಲವಾದ ವಾದವೊಂದು ಎದುರಾಳಿಗಳಿಗೆ ಹೊಳೆಯಬಹುದಿತ್ತು. ಲೇಖಕ ತೀರಿಕೊಂಡ ಮೇಲೆ, ೧೯೭೭ರಲ್ಲಿ ಪ್ರಕಟವಾದ ‘ದಿ ಸಿಲ್ಮರಿಲಿಯನ್’ನಲ್ಲಿ ಜಗತ್ತು ಹುಟ್ಟುವುದೇ ಗಾನದಿಂದ, ಆ ಗಾನವನ್ನು ಕೆಡಿಸುವ ಮೆಲ್ಕೋರನ ಅಪಸ್ವರಕ್ಕೆ ಕೊಟ್ಟಿರುವ ಹೋಲಿಕೆ ತುತ್ತೂರಿಗಳ ಅರಚಾಟದ್ದು. ನಿಜ. ಆದರೆ ಅಲ್ಲಿನ ದೋಷ ಕೆಲವೇ ಸ್ವರಗಳನ್ನು ಹಿಡಿದು ಜಗ್ಗುವುದರಲ್ಲಿದೆ. ಅದಕ್ಕೆ ಮೊದಲು, ಕೇಡು ಕಾಣಿಸಿಕೊಳ್ಳದ ಆದಿಗಾನದಲ್ಲಿಯೂ ತಂತಿ, ಕೊಳಲುಗಳ ಜೊತೆಗೆ ತುತ್ತೂರಿಯ ಹೋಲಿಕೆ ಇದ್ದೇ ಇದೆ. ಮುಂದೆ ಅಪಸ್ವರದ ಅತ್ಯಂತ ಗರ್ವಿಷ್ಠ ಸ್ವರಗಳನ್ನು ಎದುರಿನ ಗಾನ ತನ್ನೊಳಗೆ ನೇಯ್ದುಕೊಳ್ಳುತ್ತದೆ.

ಓದುಗನೊಬ್ಬ ಕಿವಿ ತೆರೆದು ಓದಿದರೆ ಏನಾಗುತ್ತದೆಂಬುದಕ್ಕೆ ಡಚ್ ಸಂಗೀತಗಾರ ಯೋಹಾನ್ ದ ಮೇಯ್ ಸಾಕ್ಷಿ. ಟ್ರೊಂಬೋನ್ ಕಲಿತ ಈತ ಈ ಕಾದಂಬರಿಯನ್ನು ಹಿಡಿದು ತನ್ನ ಮೊದಲ ಸಿಂಫೊನಿಯನ್ನು ಬರೆದದ್ದು ಊದುವ ವಾದ್ಯಗಳ ಮೇಳಕ್ಕಾಗಿ. ಐದು ಭಾಗ, ಮುಕ್ಕಾಲು ಗಂಟೆಯ ಹತ್ತಿರದ ಕೃತಿ. ೧೯೮೮ರಲ್ಲಿ ಬ್ರಸೆಲ್ಸಿನಲ್ಲಿ ಮೊದಲ ಪ್ರಯೋಗ. ಗೊಲ್ಲಮನ ತೆವಳಾಟ ಗೊಣಗಾಟಗಳನ್ನೆಲ್ಲ ಒಂದು ಸೊಪ್ರಾನೊ ಸ್ಯಾಕ್ಸೊಫೋನಿಗೆ ವಹಿಸಿದ್ದಾನೆ. (ಸ್ಯಾಕ್ಸೊಫೋನು ಮೈಯಲ್ಲಿ ಹಿತ್ತಾಳೆಯಾದರೂ ಜಾತಿಯಲ್ಲಿ ಮರದ ವಾದ್ಯವೆಂದು ಶಾಸ್ತ್ರಜ್ಞರು ತಿದ್ದುತ್ತಾರೆ, ತಿದ್ದಲಿ.) ಇದು ವಿಮರ್ಶೆಯಲ್ಲದೆ ಮತ್ತೇನು? ಪಾತ್ರವೊಂದನ್ನು ಹೀಗೆ ಹಿಡಿದುಕೊಡುವ ಪ್ರಬಂಧಗಳು ಎಷ್ಟಿವೆ?

ನನ್ನ ಭಯ ಬೇರೆ ಕಡೆಗಿದೆ. ೨೦೦೧ರಿಂದ ೨೦೦೩ರವರೆಗೆ ಮೂರು ಚಲನಚಿತ್ರಗಳು ಬಂದವು. ಹೊವರ್ಡ್ ಶೋರ್ ಒದಗಿಸಿದ ಸಂಗೀತಕ್ಕೆ ಆಸ್ಕರ್ ಕೂಡ ಬಂತು. ಸಂಗೀತ ಸೊಗಸಾದದ್ದೇ. ಆದರೆ ಈಗ ಪುಸ್ತಕ ತೆರೆದ ಎಳೆಯನಿಗೆ ರೋಹನ್ನಿನ ಕೊಂಬು ತನ್ನಷ್ಟಕ್ಕೆ ಕೇಳುವ ಮೊದಲೇ ಚಿತ್ರಮಂದಿರದ ಧಾಟಿ ಬಂದು ಕಿವಿಯಲ್ಲಿ ಕೂರುತ್ತದೆ. ದ ಮೇಯ್‌ಗೆ ಆ ಕಾಟವಿರಲಿಲ್ಲ. ಸಮ್ಮೇಳನದ ಮೇಳಗಳೂ ಅದೇ ಧಾಟಿಯನ್ನು ಒಪ್ಪಿಸಿ ಚಪ್ಪಾಳೆ ಗಿಟ್ಟಿಸುವುದಾದರೆ, ಆಕ್ಷೇಪಿಸುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.

೨೦೧೪ರಲ್ಲಿ ಲಂಡನ್ನಿನ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದಲ್ಲಿ ಇಡೀ ಆರ್ಕೆಸ್ಟ್ರಾ ಒಂದು ಕಚೇರಿ ನಡೆಸಿತು. ಸಾಹಿತ್ಯಕ್ಕೇನೂ ಕುಂದು ಬರಲಿಲ್ಲ. ವ್ಯವಸ್ಥಾಪಕರು ಊದುವವರನ್ನು ಊಟದ ಮನೆಯ ಮಗ್ಗುಲಿಗೆ ಅಟ್ಟದೆ, ಎರಡು ಪ್ರಬಂಧಗಳ ನಡುವೆಯೇ ಮುಕ್ಕಾಲು ಗಂಟೆ ಬಿಟ್ಟುಕೊಡಲಿ. ಧ್ವನಿವರ್ಧಕ ಮಾತ್ರ ಬೇಡ.