ಅತ್ತರಿನ ಪರೀಕ್ಷೆ ಸಂಜೆಗೆ

ಅಕ್ಕನ ಮದುವೆಗೆಂದು ನಾನು ಕೊಂಡ ಮಲ್ಲಿಗೆಯ ಅತ್ತರು ಅಕ್ಕಿಕಾಳು ಬೀಳುವ ಮೊದಲೇ ಹಾರಿಹೋಯಿತು. ಅಪ್ಪನ ಎರಡು ದಿನದ ಕೂಲಿ ಅದರಲ್ಲಿತ್ತು. ತಪ್ಪು ನನ್ನದು; ಸೀಸೆ ಮೂಸಿಯೇ ಮೆಚ್ಚಿದ್ದೆ.

ಕನೌಜಿನ ಹಳೆಯ ಪದ್ಧತಿಯಲ್ಲಿ ತಾಮ್ರದ ಹಂಡೆಯಲ್ಲಿ ಹೂವನ್ನು ಬೇಯಿಸಿ, ಅದರ ಆವಿಯನ್ನು ಶ್ರೀಗಂಧದೆಣ್ಣೆಗೆ ಇಳಿಸುತ್ತಾರೆ. ಮೈಯ ಬಿಸಿಗೆ ಹೂವಿನ ಕಂಪು ಮೊದಲು ಏಳುತ್ತದೆ. ಗಂಧದೆಣ್ಣೆಯ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುವುದರಿಂದ ಮರದ ಕಂಪು ತಾಸುಗಟ್ಟಲೆ ನಿಲ್ಲುತ್ತದೆ, ಹೂವನ್ನೂ ಹಿಡಿದಿಡುತ್ತದೆ. ಗಂಧದೆಣ್ಣೆ ತುಟ್ಟಿಯಾದುದರಿಂದ ಈಗ ಅನೇಕರು ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಬಳಸುತ್ತಾರೆ. ಸೀಸೆಯ ಬಾಯಲ್ಲಿ ಈ ಭೇದ ತಿಳಿಯದು. ಮುಂಗೈಯ ಮೇಲೆ ತಿಳಿಯುತ್ತದೆ.

ಆದುದರಿಂದ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಪೇಟೆಯಲ್ಲಾಗಲಿ, ಬೆಳಿಗ್ಗೆ ಹಚ್ಚಿಕೊಳ್ಳಿರಿ, ಸಂಜೆ ಮೂಸಿ ನೋಡಿರಿ, ಆಮೇಲೆ ದುಡ್ಡು ಬಿಚ್ಚಿರಿ.