ಗೃಹವಿಚಾರ: ಹವಳದ ತೊಟ್ಟಿಯೂ ಸೊನ್ನೆಯ ಹೆಮ್ಮೆಯೂ



ನಾವು ಉಪಾಧ್ಯಾಯವೃತ್ತಿಯಲ್ಲಿದ್ದ ಮೂವತ್ತನಾಲ್ಕು ವರ್ಷಗಳಲ್ಲಿ ಸೊನ್ನೆಯನ್ನು ಪಡೆದ ಬಾಲಕನು ತಲೆತಗ್ಗಿಸಿ ನಿಂತುದನ್ನು ಕಂಡಿದ್ದೆವೇ ಹೊರತು ಕುಣಿದಾಡಿದುದನ್ನು ಕಂಡಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಮಗಳ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ ಆ ವಿನೋದವೂ ನಮ್ಮ ಕಣ್ಣಿಗೆ ಬಿದ್ದಿತು.

ಅವಳ ನಡುಮನೆಯಲ್ಲಿ ಇನ್ನೂರು ಲೀಟರು ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯೊಂದಿರುವುದು. ಅದರಲ್ಲಿ ಮೀನುಗಳು ನಾಲ್ಕೇ. ಉಳಿದುದೆಲ್ಲವೂ ಜೀವಂತವಾದ ಹವಳ. ಹದಿನಾಲ್ಕು ವರ್ಷದ ನಮ್ಮ ಮೊಮ್ಮಗನೇ ಅದರ ಯಜಮಾನನು. ಪ್ರತಿ ಭಾನುವಾರವೂ ಅವನು ಆ ನೀರನ್ನು ಪುಟ್ಟ ಸೀಸೆಯಲ್ಲಿ ತೆಗೆದು, ಪುಡಿಯನ್ನು ಬೆರೆಸಿ, ಅಂಗೈಯಗಲದ ಯಂತ್ರದಲ್ಲಿಟ್ಟು ಪರೀಕ್ಷಿಸುವನು. ಒಂದು ಭಾನುವಾರ, "ತಾತಾ, ಫಾಸ್ಫೇಟು ಸೊನ್ನೆ! ಪೂರ್ತಿ ಸೊನ್ನೆ!" ಎಂದು ಕೂಗುತ್ತ ಓಡಿಬಂದನು. ಫಾಸ್ಫೇಟು ಹೆಚ್ಚಿದರೆ ಪಾಚಿ ಬೆಳೆಯುವುದೆಂದು ಅವನಿಂದಲೇ ಕೇಳಿದ್ದ ನಾವು, ಕಲ್ಮಷವಿಲ್ಲದಿರುವುದೇ ಶುದ್ಧಿಯೆಂದು ಬಗೆದು, "ಭಲೇ ಮಗು!" ಎಂದು ಬೆನ್ನು ತಟ್ಟಿದೆವು. ಆ ಹೊಗಳಿಕೆಯು ತಪ್ಪಾಯಿತೆಂಬುದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ತಿಂಗಳ ಪ್ರಸ್ತಾಪ.

ಮೂರು ವಾರಗಳು ಕಳೆಯುವಷ್ಟರಲ್ಲಿ ನೀಲಿ ಹವಳವು ಬೂದಿಬಣ್ಣಕ್ಕೆ ತಿರುಗಿತು. ಹಸುರು ಹವಳವು ನೀರು ಬೆರೆಸಿದ ಮಜ್ಜಿಗೆಯಂತೆ ಬಿಳಿಚಿಕೊಂಡಿತು. ಕೊಂಬೆಗಳ ತುದಿಯಲ್ಲಿ ಮಾಂಸವು ಸುಲಿದು ಬರಿಯ ಸುಣ್ಣದೆಲುಬು ಕಾಣಿಸಿತು. ನಮ್ಮ ಮಗಳು, "ಅಪ್ಪಾ, ಗಾಜನ್ನು ಒರೆಸಿ ಹತ್ತು ದಿನವಾಯಿತು, ಒಂದು ಎಳೆ ಪಾಚಿಯೂ ಕಟ್ಟಿಲ್ಲ ನೋಡಿ" ಎಂದು ಸಂತೋಷದಿಂದಲೇ ಹೇಳಿದಳು. ರೋಗದ ಮುಖ್ಯ ಲಕ್ಷಣವು ಅದೇ ಆಗಿತ್ತೆಂಬುದು ಆ ದಿನ ಮನೆಯಲ್ಲಿ ಯಾರಿಗೂ ತಿಳಿಯದು. ಅನಂತರ ತಾತನೂ ಮೊಮ್ಮಗನೂ ಜೊತೆಯಲ್ಲಿ ಕುಳಿತು ಓದಿ ತಿಳಿದುಕೊಂಡ ವಿಷಯವನ್ನು, ಇಂತಹ ತೊಟ್ಟಿಗಳನ್ನಿಟ್ಟಿರುವ ಮಕ್ಕಳು ಮೊಮ್ಮಕ್ಕಳುಳ್ಳ ಗೃಹಸ್ಥರ ಉಪಯೋಗಾರ್ಥವಾಗಿ ಕೆಳಗೆ ನಿರೂಪಿಸುತ್ತೇವೆ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಕಡಲೆಕಾಳಿಗಿಂತಲೂ ಚಿಕ್ಕವಾದ ಅನೇಕ ಜೀವಿಗಳು ಒಂದಾಗಿ ಸೇರಿ ಸುಣ್ಣದ ಮನೆಯನ್ನು ಕಟ್ಟಿಕೊಳ್ಳುವುವು. ಅವುಗಳ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ಬಿಡಾರ ಮಾಡಿಕೊಂಡು, ಹಗಲಿನ ಬೆಳಕಿನಲ್ಲಿ ಸಕ್ಕರೆಯನ್ನು ತಯಾರಿಸಿ, ಅದರ ಬಹುಭಾಗವನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಒಪ್ಪಿಸುವುವು. ಬಾಡಿಗೆದಾರನು ಉಪವಾಸ ಬಿದ್ದರೆ ಒಡೆಯನಿಗೂ ಊಟವಿಲ್ಲ.

ಫಾಸ್ಫರಸ್ಸನ್ನು ನಮ್ಮ ಹಳೆಯ ಪಠ್ಯಪುಸ್ತಕಗಳು ರಂಜಕವೆಂದು ಕರೆದಿದ್ದುವು. ೧೬೬೯ ರಲ್ಲಿ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬಾತನು ಮೂತ್ರವನ್ನು ಕಾಸಿ ಕಾಸಿ ಇದನ್ನು ಪಡೆದನು. ಕತ್ತಲಲ್ಲಿ ಹೊಳೆದುದರಿಂದ 'ಬೆಳಕನ್ನು ಹೊತ್ತದ್ದು' ಎಂಬರ್ಥದ ಗ್ರೀಕ್ ಹೆಸರು ಇದಕ್ಕೆ ಬಂದಿತು. ಇದು ಆಮ್ಲಜನಕದೊಡನೆ ಕೂಡಿದಾಗ ಫಾಸ್ಫೇಟಾಗುವುದು. ಜೀವಕಣದ ಹೊರಪೊರೆಗೂ, ವಂಶವಾಹಕವಾದ ಡಿ.ಎನ್.ಎ.ಗೂ, ದೇಹದೊಳಗೆ ಶಕ್ತಿಯನ್ನು ಹೊತ್ತು ಹಂಚುವ ಎ.ಟಿ.ಪಿ. ಎಂಬ ದ್ರವ್ಯಕ್ಕೂ ಇದು ಬೇಕೇ ಬೇಕು. ಇದಿಲ್ಲದೆ ಬದುಕಿರುವ ಪ್ರಾಣಿಯೂ ಇಲ್ಲ, ಸಸ್ಯವೂ ಇಲ್ಲ.

ಹಾಗಾದರೆ ಹವಳ ಸಾಕುವವರು ಇದನ್ನು ಶತ್ರುವೆಂದು ಬಗೆದುದೇಕೆ? ಕಾರಣವು ಇಲ್ಲದಿಲ್ಲ. ಫಾಸ್ಫೇಟು ಅತಿಯಾದರೆ ಬೇಡದ ಪಾಚಿಯು ಹಬ್ಬುವುದು. ಸುಣ್ಣದ ಹರಳು ಬೆಳೆಯುವುದಕ್ಕೂ ಅಡ್ಡಿಯಾಗಿ ಹವಳದ ಎಲುಬು ಕಟ್ಟುವ ಕೆಲಸವು ಕುಂಠಿತವಾಗುವುದು. ಆದಕಾರಣ ಅದನ್ನು ಹೀರುವ ಕಬ್ಬಿಣದ ಆಕ್ಸೈಡಿನ ಕಂದು ಹರಳುಗಳನ್ನು ಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆಯಲ್ಲಿ ಇಡುವರು. ನಮ್ಮ ಮೊಮ್ಮಗನು ಒಂದು ಚೀಲವಿರಬೇಕಾದಲ್ಲಿ ಎರಡನ್ನಿಟ್ಟಿದ್ದನು. ಅದರ ಮೇಲೆ, ನೀರಿನ ಕಶ್ಮಲವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರು ಹಗಲಿರುಳೂ ನಡೆಯುತ್ತಿತ್ತು. ಮೀನುಗಳಿಗೋ ದಿನಕ್ಕೊಂದು ಚಿಟಿಕೆ ಆಹಾರ. ಜಮೆಯು ಅಲ್ಪ, ಖರ್ಚು ಅಪಾರ; ಸೊನ್ನೆ ಬಾರದೆ ಇನ್ನೇನು ಬಂದೀತು?

ಇನ್ನೊಂದು ಸೂಕ್ಷ್ಮವೂ ಉಂಟು. ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ಅಮೆರಿಕದ ವಿಜ್ಞಾನಿಯು ೧೯೩೪ ರಲ್ಲಿ ಆರಂಭಿಸಿದ ವಿಚಾರದಿಂದ, ಸಮುದ್ರದ ಸೂಕ್ಷ್ಮಸಸ್ಯಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ಸರಾಸರಿಯಾಗಿ ೧೦೬, ೧೬, ೧ ಎಂಬ ಪ್ರಮಾಣದಲ್ಲಿರುವುವೆಂದು ತಿಳಿದುಬಂದಿತು. ಸಾರಜನಕವು ಧಾರಾಳವಾಗಿದ್ದು ರಂಜಕವಿಲ್ಲದಿದ್ದರೆ, ಪಾಚಿಯು ಬೆಳೆಯಹೋಗಿ ಬಡಕಲಾಗುವುದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವೀಡನ್‌ಮನ್ ಮೊದಲಾದವರು ೨೦೧೩ ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇಂತಹ ಸ್ಥಿತಿಯಲ್ಲಿರುವ ಹವಳವು ಶಾಖಕ್ಕೂ ಬೆಳಕಿಗೂ ಬೇಗನೆ ಸೋತು ಬಿಳಿಚಿಕೊಳ್ಳುವುದು. ನಮ್ಮ ತೊಟ್ಟಿಯಲ್ಲಿ ನೈಟ್ರೇಟು ಲೀಟರಿಗೆ ೧೫ ಮಿಲಿಗ್ರಾಮಿದ್ದು, ಫಾಸ್ಫೇಟು ಮಾತ್ರ ಶೂನ್ಯವಾಗಿತ್ತು. ಎರಡನ್ನೂ ಒಟ್ಟಿಗೆ ಅಳೆಯತಕ್ಕದ್ದೆಂಬುದಕ್ಕೆ ಇದೇ ಕಾರಣ.

ಇನ್ನು ಪರಿಹಾರಕ್ರಮ.

ಮೊದಲು ಅಳತೆಯನ್ನು ನಂಬುವಂತೆ ಮಾಡಿಕೊಳ್ಳಬೇಕು. ಸೀಸೆಯ ಮೇಲಿನ ಬೆರಳಿನ ಗುರುತನ್ನು ಒರೆಸಿ ಎರಡಾವರ್ತಿ ಪರೀಕ್ಷಿಸತಕ್ಕದ್ದು. ಕೆಲವು ಯಂತ್ರಗಳು ಫಾಸ್ಫೇಟನ್ನು ತೋರಿಸದೆ ಬರಿಯ ಫಾಸ್ಫರಸ್ಸನ್ನು ನೂರು ಕೋಟಿಯಲ್ಲಿ ಇಷ್ಟು ಭಾಗವೆಂದು ತೋರಿಸುವುವು. ಆ ಅಂಕಿಯನ್ನು ೩.೦೬೬ ರಿಂದ ಗುಣಿಸಿದರೆ ಫಾಸ್ಫೇಟು ದೊರೆಯುವುದು. ಯಂತ್ರವು ೧೦ ಎಂದರೆ ಲೀಟರಿಗೆ ಸುಮಾರು ೦.೦೩ ಮಿಲಿಗ್ರಾಂ ಎಂದರ್ಥ. ಅನುಭವಸ್ಥರು ಸಾಮಾನ್ಯವಾಗಿ ೦.೦೩ ರಿಂದ ೦.೧೦ ಮಿಲಿಗ್ರಾಮಿನವರೆಗೆ ಇರಿಸಿಕೊಳ್ಳುವರು.

ಎರಡನೆಯದಾಗಿ, ಹೀರುವ ಹರಳಿನ ಚೀಲಗಳನ್ನು ತೆಗೆದುಬಿಡಬೇಕು. ಸ್ಕಿಮ್ಮರನ್ನು ದಿನದಲ್ಲಿ ಕೆಲವು ಗಂಟೆ ಮಾತ್ರ ನಡೆಸಬೇಕು. ಪ್ರತ್ಯೇಕವಾದ ಗೂಡಿನಲ್ಲಿ ಕಡಲಪಾಚಿಯನ್ನು ಬೆಳೆಸುತ್ತಿದ್ದರೆ ಅದರ ದೀಪದ ಕಾಲವನ್ನು ಕಡಿಮೆ ಮಾಡಬೇಕು.

ಮೂರನೆಯದು ಅನ್ನದಾನ. ಮೀನಿನ ಆಹಾರದಲ್ಲಿ ರಂಜಕವಿರುವುದು. ಮೀನು ತಿಂದು ವಿಸರ್ಜಿಸಿದುದು ಹವಳಕ್ಕೆ ಗೊಬ್ಬರವಾಗುವುದು. ದಿನಕ್ಕೊಂದಾವರ್ತಿ ಹಾಕುತ್ತಿದ್ದುದನ್ನು ಎರಡು ಮೂರು ಆವರ್ತಿ ಮಾಡಿದರೆ ಎಷ್ಟೋ ತೊಟ್ಟಿಗಳಲ್ಲಿ ಬೇರೆ ಔಷಧವೇ ಬೇಕಾಗದು.

ಇಷ್ಟರಿಂದಲೂ ಅಂಕಿಯು ಏಳದಿದ್ದರೆ ಮಾತ್ರ ಫಾಸ್ಫೇಟನ್ನೇ ಬೆರೆಸಬೇಕು. ಆಹಾರಕ್ಕೆ ಯೋಗ್ಯವಾದ ಶುದ್ಧ, ನಿರ್ಜಲ ಡೈಸೋಡಿಯಂ ಫಾಸ್ಫೇಟನ್ನು ೧.೫ ಗ್ರಾಂ ತೂಗಿ, ಶೋಧಿಸಿದ ಸಿಹಿನೀರಿನಲ್ಲಿ ಕರಗಿಸಿ ಒಂದು ಲೀಟರು ಮಾಡಿದರೆ, ಪ್ರತಿ ಮಿಲಿಲೀಟರಿನಲ್ಲಿಯೂ ಸುಮಾರು ೧ ಮಿಲಿಗ್ರಾಂ ಫಾಸ್ಫೇಟು ಇರುವುದು. ಇನ್ನೂರು ಲೀಟರಿನ ತೊಟ್ಟಿಗೆ ಇದರ ೪ ಮಿಲಿಲೀಟರನ್ನು ಹಾಕಿದರೆ ಅಂಕಿಯು ೦.೦೨ ಏರುವುದು. ಒಂದು ದಿನಕ್ಕೆ ಅಷ್ಟೇ ಸಾಕು. ಹೊಲದ ಗೊಬ್ಬರವನ್ನು ಎಷ್ಟು ಮಾತ್ರಕ್ಕೂ ಹಾಕಕೂಡದು. ಅದರಲ್ಲಿ ಬೇರೆ ಲೋಹಗಳು ಸೇರಿರಬಹುದು.

ಇಲ್ಲಿ ತಾಳ್ಮೆಗೆಡುವ ಪ್ರಸಂಗವೊಂದು ಬರುವುದು. ಇಂದು ಹಾಕಿದುದು ನಾಳೆ ಪರೀಕ್ಷಿಸಿದರೆ ಮಾಯವಾಗಿರುವುದು. ತೊಟ್ಟಿಯಲ್ಲಿರುವ ಸುಣ್ಣಕಲ್ಲೂ ಮರಳೂ ತಮ್ಮ ಮೈಗೆ ಫಾಸ್ಫೇಟನ್ನು ಅಂಟಿಸಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ಮೊಮ್ಮಗನು ಮೂರನೆಯ ದಿನವೇ, "ತಾತಾ, ಒಂದೇ ಸಲ ಇಪ್ಪತ್ತು ಹಾಕಿಬಿಡಲೇ?" ಎಂದನು. ಈ ಸಲ ನಾವು ಭಲೇ ಎನ್ನಲಿಲ್ಲ. ಕಲ್ಲು ಹೀರಿದುದನ್ನು ಮುಂದೆ ನೀರಿಗೆ ಬಿಡುವುದೂ ಉಂಟು. ಅವಸರದಿಂದ ಸುರಿದವನಿಗೆ ಪಾಚಿಯ ಬೆಳೆ ಬಂದೀತು. ದಿನವೂ ಅಳೆದು, ಅಳೆದುದನ್ನು ಬರೆದಿಟ್ಟು, ಮರುದಿನದ ಪ್ರಮಾಣವನ್ನು ಗೊತ್ತುಮಾಡುವುದೇ ಕ್ರಮ.

ಒಂದೆರಡು ಎಚ್ಚರಿಕೆಯ ಮಾತುಗಳು. ಪೋಷಕಗಳು ಶೂನ್ಯವಾದ ತೊಟ್ಟಿಯಲ್ಲಿ ಡೈನೋಫ್ಲಾಜೆಲೇಟುಗಳೆಂಬ ಸೂಕ್ಷ್ಮಜೀವಿಗಳು ಮರಳಿನ ಮೇಲೂ ಕಲ್ಲಿನ ಮೇಲೂ ಗುಳ್ಳೆಗಳಿಂದ ಕೂಡಿದ ಕಂದುಬಣ್ಣದ ಲೋಳೆಯಾಗಿ ಹಬ್ಬುವುದುಂಟು. ಅವುಗಳಲ್ಲಿ ಕೆಲವು ವಿಷವುಳ್ಳವು. ತೊಟ್ಟಿಯ ಬಸವನಹುಳುಗಳು ಸಾಯುವುವು. ಇದನ್ನು ಬರಿಯ ಕೊಳೆಯೆಂದು ತಿಳಿದು ಮತ್ತೆ ಮತ್ತೆ ನೀರನ್ನು ಬದಲಾಯಿಸಿದರೆ ಇದ್ದಷ್ಟು ಪೋಷಕವೂ ಹೋಗಿ ಸಂಕಟವು ಹೆಚ್ಚುವುದು. ಅಲ್ಲದೆ ಜೋವಾಂತಿಡ್ ಎಂಬ ಗುಂಡಿಯಾಕಾರದ ಮೃದುಜೀವಿಗಳ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರವಿಷವಿರುವುದರಿಂದ, ಅವು ಅಂಟಿರುವ ಕಲ್ಲನ್ನು ಎಂದಿಗೂ ಕುದಿಸಕೂಡದು. ಬರಿಗೈಯಿಂದ ಉಜ್ಜಕೂಡದು. ಆ ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಪರದೇಶಗಳಲ್ಲಿ ನಡೆದಿವೆ.

ನಮ್ಮ ನಾಡಿನ ಓದುಗರಿಗೆ ಇನ್ನೊಂದು ಮಾತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಲಕ್ಷದ್ವೀಪದಲ್ಲಿಯೂ ಹವಳವಿರುವುದು ನಿಜ. ಆದರೆ ಬಂಡೆ ಕಟ್ಟುವ ಹವಳಗಳೆಲ್ಲವನ್ನೂ ೧೯೭೨ ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿರುವುದರಿಂದ, ಒಂದು ತುಂಡನ್ನು ಕಿತ್ತು ತರುವುದೂ ಅಪರಾಧ. ಅಲ್ಲಿನದನ್ನು ಅಲ್ಲಿಯೇ ನೋಡಿ ಸಂತೋಷಪಡತಕ್ಕದ್ದು.

ಮಗಳ ಮನೆಯ ತೊಟ್ಟಿಯಲ್ಲಿ ಅಂಕಿಯು ೦.೦೪ ಕ್ಕೆ ಬಂದು ನಿಲ್ಲಲು ಐದು ವಾರ ಹಿಡಿಯಿತು. ಮೊದಲು ಗಾಜಿನ ಮೇಲೆ ಹಸುರು ಮಬ್ಬು ಕಟ್ಟಿತು. ನಮ್ಮ ಮಗಳು ಈ ಸಲ ಅದನ್ನು ಕಂಡು ಸಂತೋಷಪಟ್ಟಳು. ಎರಡು ತಿಂಗಳಿಗೆ ಹಸುರು ಹವಳವು ಚೇತರಿಸಿಕೊಂಡಿತು. ನೀಲಿ ಹವಳದ ಅರ್ಧಭಾಗವು ಸತ್ತೇಹೋಯಿತು. ಆ ಬಿಳಿಯ ಕೊಂಬೆಯನ್ನು ಕೈಯಲ್ಲಿ ಹಿಡಿದು ಹುಡುಗನು, "ತಾತಾ, ಆ ದಿನ ನೀವು ಭಲೇ ಎಂದಿರಲ್ಲ, ಏಕೆ?" ಎಂದು ಕೇಳಿದನು. "ನಮಗೆ ತಿಳಿದಿರಲಿಲ್ಲ ಮಗು, ತಿಳಿಯದೆ ಹೇಳಿದೆವು" ಎಂದೆವು. ನಾವು ಪಾಠ ಹೇಳಿದ ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ವಿದ್ಯಾರ್ಥಿಗೂ ಈ ಉತ್ತರವನ್ನು ಕೊಟ್ಟ ನೆನಪಿಲ್ಲ. ಅವನು ತಲೆಯಾಡಿಸಿ, ಪುಸ್ತಕವನ್ನು ತೆಗೆದು, ಆ ದಿನದ ಅಂಕಿಯನ್ನು ಬರೆದುಕೊಂಡನು.